ಹದಿನೈದನೆಯ ವಿದ್ಯಾರ್ಥಿನಿ ಮತ್ತು ಏಳು ಹೋಳಿಗೆ

ಕಾಲೇಜಿನ ಆಫೀಸಿನಲ್ಲಿ ಇಪ್ಪತ್ತಾರು ವರ್ಷ ಕೂತವಳು ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಕಿಟಕಿಯ ಹತ್ತಿರ ಅರ್ಜಿ ಹಿಡಿದು ಬರುವವರ ಜೊತೆಗೇ ಏನಾದರೂ ಒಂದು ಬಂದೇ ಬರುತ್ತದೆ. ಆದರೆ ಇಂಥದ್ದೆಲ್ಲ ಯಾವಾಗಲೂ ಕಿಟಕಿಯ ಆಚೆ ನಡೆಯುತ್ತಿತ್ತು, ನಾನು ಈಚೆ ಆರಾಮಾಗಿ ಕೂತು ನೋಡುತ್ತಿದ್ದೆ. ಕಳೆದ ವರ್ಷ ನಾನೇ ಆಚೆ ಹೋಗಿ ನಿಂತೆ. ನಲವತ್ತೊಂಬತ್ತನೆಯ ವಯಸ್ಸಿನಲ್ಲಿ, ಜಪಾನಿ ಭಾಷೆ ಕಲಿಯಲು.

ಒಂದು ತಲೆ ಕಮ್ಮಿ

ನಮ್ಮದು ವಿಜಯನಗರದ ಒಂದು ಡಿಗ್ರಿ ಕಾಲೇಜು. ಸಂಜೆ ನಾಲ್ಕೂವರೆಯಿಂದ ಆರರವರೆಗೆ ಜಪಾನಿ ಸರ್ಟಿಫಿಕೇಟ್ ಕೋರ್ಸ್ ಶುರು ಮಾಡುವುದು ಅಂತಾಯಿತು. ಆಡಳಿತ ಮಂಡಳಿಯವರು ಎರಡು ಷರತ್ತು ಹಾಕಿದರು. ಹದಿನೈದು ಜನ ಸೇರಿದರೆ ಮಾತ್ರ ಮೊದಲ ಹಂತ. ಆ ಹದಿನೈದು ಜನರೂ ಪಾಸಾದರೆ ಮಾತ್ರ ಎರಡನೆಯ ಹಂತ, ಇಲ್ಲದಿದ್ದರೆ ಕೋರ್ಸಿಗೆ ಬೀಗ. ಕೆಲಸ ಸಿಗಬೇಕಾದರೆ ಎರಡನೆಯ ಹಂತದ ಸರ್ಟಿಫಿಕೇಟೇ ಬೇಕು ಅಂತ ಹುಡುಗರಿಗೆಲ್ಲ ಗೊತ್ತಿತ್ತು.

ಕೊನೆಯ ದಿನ ಸಂಜೆ ಎಣಿಸಿದರೆ ಹದಿನಾಲ್ಕೇ ಅರ್ಜಿ. ಪ್ರಿನ್ಸಿಪಾಲರು ನನ್ನ ಟೇಬಲ್ಲಿನ ಹತ್ತಿರ ಬಂದು ನಿಂತರು.

"ಮೇಡಂ, ನಿಮ್ಮ ಹೆಸರು ಬರ್ಕೊಂಡ್ಬಿಡಿ. ಸುಮ್ನೆ ಕೂತಿದ್ರೆ ಸಾಕು."

ಇಪ್ಪತ್ತಾರು ವರ್ಷದಿಂದ ಸುಮ್ಮನೆ ಕೂತೇ ಅಭ್ಯಾಸ ಅಂದುಕೊಂಡು ಬರೆದುಕೊಂಡೆ.

ಪಾಠ ಹೇಳಲು ಬಂದವರು ಮಾರೇನಹಳ್ಳಿಯ ಒಬ್ಬ ಮೇಡಂ. ಗಂಡನ ಕೆಲಸದ ಸಲುವಾಗಿ ಜಪಾನಿನಲ್ಲಿ ಹದಿನಾಲ್ಕು ವರ್ಷ ಇದ್ದು ಬಂದವರು. ಕಾಟನ್ ಸೀರೆ, ದೊಡ್ಡ ಗಡಿಯಾರ, ಕೈಯಲ್ಲಿ ಕೆಂಪು ಪೆನ್ನು. ಅಲ್ಲಿ ಗುರುಗಳನ್ನು ಕರೆಯುವ ಹಾಗೆ ತಮ್ಮನ್ನು "ಸೆನ್ಸೇ" ಅನ್ನಬೇಕು ಅಂದರು. ಮೊದಲ ದಿನವೇ ವಾರಕ್ಕೆ ನಲವತ್ತಾರು ಅಕ್ಷರ, ಒಂದೊಂದನ್ನೂ ಐವತ್ತು ಸಲ ಬರೆಯಬೇಕು, ಪ್ರತಿ ಸೋಮವಾರ ಟೆಸ್ಟು ಅಂತ ಹೇಳಿದರು. ನಾನು ಮೆಲ್ಲಗೆ ಕೈ ಎತ್ತಿ, "ಸೆನ್ಸೇ, ನಾನು ಸುಮ್ನೆ ಕೂತ್ಕೊಳ್ಳೋಕೆ ಬಂದಿರೋದು" ಅಂದೆ.

"ಸುಮ್ನೆ ಕೂತ್ಕೊಳ್ಳೋಕೆ ಎದುರುಗಡೆ ಪಾರ್ಕ್ ಇದೆ ಮೇಡಂ" ಅಂದರು. "ಅಲ್ಲಿ ಟೆಸ್ಟ್ ಇರಲ್ಲ."

ಮೂರು ನಿಮಿಷ

ಸೆನ್ಸೇಯ ಲೆಕ್ಕದಲ್ಲಿ ನಾಲ್ಕೂವರೆಯ ಕ್ಲಾಸು ಅಂದರೆ ನಾಲ್ಕು ಇಪ್ಪತ್ತೈದು. ನಾಲ್ಕೂವರೆಗೆ ಬಂದವರು ಲೇಟು. ಅದಾದ ಮೇಲೆ ಬಂದವರು ಹೊರಗೆ.

ನನ್ನ ಆಫೀಸು ಕೆಳಗೆ, ಕ್ಲಾಸು ಮೂರನೆಯ ಮಹಡಿಯಲ್ಲಿ. ಒಂದು ದಿನ ನಾಲ್ಕು ಇಪ್ಪತ್ತಕ್ಕೆ ನಮ್ಮ ಕ್ಲಾಸಿನವನೇ ಆದ ಸುಂಕದಕಟ್ಟೆಯ ಹುಡುಗ ಕಿಟಕಿಗೆ ಬಂದ. ಕೊನೆಯ ವರ್ಷದ ಬಿ.ಕಾಂ. ಬೋನಫೈಡ್ ಸರ್ಟಿಫಿಕೇಟ್ ಬೇಕಿತ್ತು. ಅಭ್ಯಾಸಬಲ, ನನ್ನ ಬಾಯಿಂದ "ನಾಳೆ ಊಟ ಆದ್ಮೇಲೆ ಬಾಪ್ಪ" ಅಂತ ಬಂತು. ಅವನು ಹೋಗಲಿಲ್ಲ. "ಆಂಟಿ, ನಾವಿಬ್ರೂ ಒಂದೇ ಬೆಂಚು" ಅಂದ. ಆ ಮಾತಿಗೆ ಕರಗಿ ಬರೆದುಕೊಟ್ಟೆ. ಸೀಲು ಹುಡುಕಿ, ಒತ್ತಿ, ಇಬ್ಬರೂ ಏದುಸಿರು ಬಿಡುತ್ತಾ ಮೇಲೆ ಹೋದರೆ ನಾಲ್ಕು ಮೂವತ್ತಮೂರು.

ಸೆನ್ಸೇ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ. ಏನಾಯಿತು, ಅದರಲ್ಲಿ ತನ್ನ ತಪ್ಪೇನು, ಇನ್ನು ಮುಂದೆ ಏನು ಮಾಡುತ್ತೇನೆ ಅಂತ ಒಂದೊಂದು ಪುಟ ಬರೆದು ತನ್ನಿ ಅಂದರು. ಜಪಾನಿನ ಪದ್ಧತಿಯಂತೆ. ಹುಡುಗ ಒಂದೇ ಸಾಲು ಬರೆದ: "ಆಫೀಸಿನವರು 'ನಾಳೆ ಊಟ ಆದ್ಮೇಲೆ ಬಾ' ಅಂದು ಲೇಟ್ ಮಾಡಿದರು."

ನನಗೆ ಪತ್ರ ಬರೆಯುವುದು ಹೊಸದೇ? ಮಾನ್ಯರೇ, ವಿಷಯ, ಉಲ್ಲೇಖ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ. ವಿಳಂಬವನ್ನು ಮನ್ನಿಸಿ ಹಾಜರಾತಿ ನೀಡಬೇಕಾಗಿ ಕೋರಿಕೆ. ಅಡಕ: ಬೋನಫೈಡ್ ಪ್ರತಿ ಒಂದು. ಕೆಳಗೆ "ಪ್ರತಿಯನ್ನು ಕಡತಕ್ಕೆ" ಅಂತಲೂ ಹಾಕಿದೆ. ತಪ್ಪು ಯಾರದು ಅನ್ನುವುದು ಮಾತ್ರ ಆ ಪತ್ರದಲ್ಲಿ ಎಲ್ಲೂ ಇರಲಿಲ್ಲ. ಇಪ್ಪತ್ತಾರು ವರ್ಷದ ಅನುಭವ ಅಂದರೆ ಅದೇ.

ಮಾರನೆಯ ದಿನ ಪತ್ರ ವಾಪಸು ಬಂತು. ಅಂಚಿನಲ್ಲಿ ಕೆಂಪು ಪೆನ್ನಿನಲ್ಲಿ ಬರೆದಿತ್ತು: "ಅರ್ಜಿ ಅಪೂರ್ಣ. ನಾಳೆ ಊಟ ಆದ ಮೇಲೆ ಬನ್ನಿ."

ಮೂವತ್ತು ಡಿಗ್ರಿ

ಬಗ್ಗಿ ನಮಸ್ಕಾರ ಮಾಡುವುದಕ್ಕೇ ಒಂದು ವಾರ ಹೋಯಿತು. ಸಮಾನರಿಗೆ ಹದಿನೈದು ಡಿಗ್ರಿ, ಹಿರಿಯರಿಗೆ ಮೂವತ್ತು, ದೊಡ್ಡ ತಪ್ಪು ಮಾಡಿದ್ದರೆ ನಲವತ್ತೈದು. ನಮ್ಮ ಹುಡುಗರಿಗೆ ಗೊತ್ತಿದ್ದದ್ದು ಎರಡೇ. ನೆಟ್ಟಗೆ ನಿಲ್ಲುವುದು, ಇಲ್ಲವೇ ಪೂರ್ತಿ ಬಗ್ಗಿ ಕಾಲು ಮುಟ್ಟುವುದು. ನಡುವೆ ಎಲ್ಲೋ ನಿಲ್ಲಿಸಿ ಅಂದರೆ ಸೊಂಟ ಕೇಳುತ್ತಿರಲಿಲ್ಲ.

ನನ್ನ ಜೋಡಿ ಅದೇ ಸುಂಕದಕಟ್ಟೆಯ ಹುಡುಗ. ಅವನು ಕಷ್ಟಪಟ್ಟು ಸರಿಯಾಗಿ ಮೂವತ್ತು ಡಿಗ್ರಿಗೆ ಬಗ್ಗಿ ನಿಂತ. ನಾನೂ ಬಗ್ಗಬೇಕಿತ್ತು. ಆದರೆ ಒಬ್ಬ ಹುಡುಗ ಎದುರಿಗೆ ತಲೆ ತಗ್ಗಿಸಿ ನಿಂತರೆ ನಮ್ಮ ಕೈ ಸುಮ್ಮನಿರುತ್ತದೆಯೇ? ತಾನಾಗಿಯೇ ಹೋಗಿ ಅವನ ತಲೆಯ ಮೇಲೆ ಕೂತಿತು. "ಚೆನ್ನಾಗಿರಪ್ಪ" ಅಂದುಬಿಟ್ಟೆ.

"ಮೇಡಂ" ಅಂದರು ಸೆನ್ಸೇ, "ಅವನು ನಿಮ್ಮ ಸಹಪಾಠಿ. ಮಗ ಅಲ್ಲ."

ಆ ಸೋಮವಾರದ ಟೆಸ್ಟಿನಲ್ಲಿ ಅವನಿಗೆ ಐವತ್ತಕ್ಕೆ ನಲವತ್ತೆಂಟು ಬಂತು. ಅದುವರೆಗೆ ಅವನು ಇಪ್ಪತ್ತು ದಾಟಿರಲಿಲ್ಲ. ಮುಂದಿನ ಸೋಮವಾರ ನಾನು ಕ್ಲಾಸಿಗೆ ಹೋದರೆ ಹದಿನಾಲ್ಕು ಜನ ಸಾಲಾಗಿ ಮೂವತ್ತು ಡಿಗ್ರಿಗೆ ಬಗ್ಗಿ ನಿಂತಿದ್ದಾರೆ. ಒಬ್ಬೊಬ್ಬರ ತಲೆಯನ್ನೂ ಮುಟ್ಟಿಕೊಂಡು ಬಂದೆ. ಎಲ್ಲರಿಗೂ ಒಳ್ಳೆಯ ಅಂಕ ಬಂತು, ನನಗೊಬ್ಬಳಿಗೆ ಹನ್ನೊಂದು. ನನ್ನ ತಲೆ ಮುಟ್ಟುವವರು ಯಾರೂ ಇರಲಿಲ್ಲವಲ್ಲ.

ಸೆನ್ಸೇ ಇದನ್ನೆಲ್ಲ ಮೂಢನಂಬಿಕೆ ಅಂದರು, ತಲೆ ಕೊಡವಿದರು. ಮಾರ್ಚಿನಲ್ಲಿ ಅವರ ಮಗಳ ಹತ್ತನೆಯ ಕ್ಲಾಸಿನ ಗಣಿತದ ಪರೀಕ್ಷೆ ಇತ್ತು. ಹಿಂದಿನ ದಿನ ಮಗಳನ್ನು ಕರೆದುಕೊಂಡು ನನ್ನ ಕಿಟಕಿಯ ಹತ್ತಿರ ಬಂದು, ಅತ್ತ ಇತ್ತ ನೋಡಿ, "ಸ್ವಲ್ಪ ಕೈ ಆಚೆ ಹಾಕಿ ಮೇಡಂ" ಅಂದರು.

ಪೊರಕೆ

ಜಪಾನಿನಲ್ಲಿ ಮಕ್ಕಳು ತಮ್ಮ ಕ್ಲಾಸನ್ನು ತಾವೇ ಗುಡಿಸುತ್ತಾರಂತೆ. ನಾವೂ ಆರು ಗಂಟೆಗೆ ಪಾಠ ಮುಗಿದ ಮೇಲೆ ಗುಡಿಸಿ ಹೋಗಬೇಕು ಅಂತಾಯಿತು. ಮೊದಲ ದಿನ ಪೊರಕೆ ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ಬಾಗಿಲಲ್ಲಿ ನಮ್ಮ ಆಯಮ್ಮ ಬಂದು ನಿಂತರು. ಕುರುಬರಹಳ್ಳಿಯವರು. ಕಾಲೇಜಿನ ಕಸ ಗುಡಿಸುವ ಕೆಲಸ ಅವರದು, ನನಗಿಂತ ಎರಡು ವರ್ಷ ಸೀನಿಯರ್.

"ನನ್ ಕೆಲ್ಸ ನೀವ್ ಕಿತ್ಕೊಂಡ್ರೆ ಕಿತ್ಕೊಳಿ" ಅಂದರು ಸೆನ್ಸೇಗೆ. "ಆದ್ರೆ ದೀಪ ಹಚ್ಚೋ ಹೊತ್ನಲ್ಲಿ ಯಾರಾದ್ರೂ ಕಸ ಗುಡಿಸ್ತಾರಾ? ಲಕ್ಷ್ಮಿ ಬರೋ ಟೈಮು. ಜಪಾನ್ನಲ್ಲಿ ಅಷ್ಟೂ ಗೊತ್ತಿಲ್ವಾ?"

ಸೆನ್ಸೇಗೆ ಹದಿನಾಲ್ಕು ವರ್ಷದ ಜಪಾನ್ ಒಂದು ಕಡೆ, ಅವರ ಅಜ್ಜಿ ಹೇಳಿದ್ದು ಒಂದು ಕಡೆ. ಅಜ್ಜಿಯೇ ಗೆದ್ದರು. ಪಾಠಕ್ಕೆ ಮೊದಲು, ನಾಲ್ಕೂಕಾಲಿಗೆ ಗುಡಿಸುವುದು ಅಂತ ರಾಜಿಯಾಯಿತು. ಆಯಮ್ಮನಿಗೆ ಇದು ಎಷ್ಟು ಹಿಡಿಸಿತೆಂದರೆ ದಿನಾ ನಾಲ್ಕು ಹತ್ತಕ್ಕೇ ಬಂದು ಕುರ್ಚಿ ಹಾಕಿಕೊಂಡು ಕೂರತೊಡಗಿದರು. "ಏ ಉದ್ದನ್ ಹುಡ್ಗ, ಬೆಂಚ್ ಎತ್ತಿ ಗುಡ್ಸು." "ಆಫೀಸ್ ಮೇಡಮ್ಮೋರೇ, ಸೊಂಟ ಬಗ್ಲಿ." ಯಾರಿಗೆ ಯಾವ ಮೂಲೆ ಅಂತ ಅವರೇ ಹಂಚಿದರು. ತಪ್ಪಿಸಿಕೊಂಡವರ ಹೆಸರನ್ನು ಬಾಯಿಪಾಠ ಮಾಡಿಕೊಂಡು ಸೆನ್ಸೇಗೆ ಒಪ್ಪಿಸುತ್ತಿದ್ದರು.

ಒಂದು ದಿನ ಮಾಗಡಿ ರಸ್ತೆಯಲ್ಲಿ ಏನೋ ಮೆರವಣಿಗೆ. ನಾವೆಲ್ಲ ಗುಡಿಸಿ ಕೂತು ಕಾಯುತ್ತಿದ್ದೇವೆ, ಸೆನ್ಸೇ ಇಲ್ಲ. ನಾಲ್ಕು ನಲವತ್ತಕ್ಕೆ ಬೆವರು ಒರೆಸಿಕೊಳ್ಳುತ್ತಾ ಬಂದರು. ಆಯಮ್ಮ ಎದ್ದು ಪೊರಕೆ ಮುಂದೆ ಚಾಚಿದರು.

"ನಿಮ್ ಪಾಲಿಂದು ಆ ಮೂಲೆ ಉಳ್ಸಿದೀನಿ ಮೇಡಂ."

ಗಾಜಿನ ಸಾಮಾನು

ಅರ್ಧ ವರ್ಷದ ಪರೀಕ್ಷೆಯಲ್ಲಿ ನನಗೆ ನೂರಕ್ಕೆ ಇಪ್ಪತ್ತೆಂಟು ಬಂತು. ಮಿಕ್ಕವರೆಲ್ಲ ಪಾಸು. ಆ ಕಾಗದ ನೋಡಿ ನನಗೆ ನಿಜವಾಗಿಯೂ ಅಳು ಬಂತು. ಎಷ್ಟು ಮಕ್ಕಳ ಅಂಕಪಟ್ಟಿಯನ್ನು ಕಿಟಕಿಯಿಂದ ಆಚೆ ತಳ್ಳಿ "ಮುಂದಿನವರು" ಅಂದಿದ್ದೆನೋ ಲೆಕ್ಕವಿಲ್ಲ. ಅವರ ಮುಖ ಒಂದು ದಿನವೂ ನೋಡಿರಲಿಲ್ಲ.

ಸೆನ್ಸೇ ಹತ್ತಿರ ಹೋಗಿ, "ನನ್ನ ಬಿಟ್ಬಿಡಿ, ನನ್ನಿಂದ ಮಕ್ಕಳಿಗೆ ತೊಂದರೆ ಆಗತ್ತೆ" ಅಂದೆ.

"ನೀವು ಹೋದ್ರೆ ಹದಿನಾಲ್ಕು" ಅಂದರು. "ಇದ್ದು ಫೇಲಾದ್ರೂ ಹದಿನಾಲ್ಕೇ ಪಾಸು. ಎರಡರಲ್ಲೂ ಕೋರ್ಸು ಮುಚ್ಚತ್ತೆ. ಉಳಿದಿರೋ ದಾರಿ ಒಂದೇ, ಪಾಸಾಗಿ."

ಈ ಮಾತು ಹೇಗೋ ಹುಡುಗರ ಕಿವಿಗೆ ಬಿತ್ತು. ಅವತ್ತಿನಿಂದ ನಾನು ಗಾಜಿನ ಸಾಮಾನಾದೆ. ಬೆಳಿಗ್ಗೆ ಒಬ್ಬಳು ಬಂದು ಅಕ್ಷರ ಕೇಳುತ್ತಿದ್ದಳು, ಊಟದ ಹೊತ್ತಿಗೆ ಇನ್ನೊಬ್ಬ ಬಂದು ವಾಕ್ಯ ಒಪ್ಪಿಸಿಕೊಳ್ಳುತ್ತಿದ್ದ. ಸಂಜೆ ರಸ್ತೆ ದಾಟಿಸಿ ಬಸ್ಸು ಹತ್ತಿಸುವುದಕ್ಕೆ ಬೇರೆ ಡ್ಯೂಟಿ. ನನಗೆ ನೆಗಡಿಯಾದ ದಿನ ಟೇಬಲ್ಲಿನ ಮೇಲೆ ಐದು ಫ್ಲಾಸ್ಕ್ ಕಷಾಯ ಬಂದು ಕೂತವು. ಮೆಟ್ಟಿಲು ಹತ್ತುವಾಗ ಹಿಂದೆ ಒಬ್ಬ, ಮುಂದೆ ಒಬ್ಬ.

ಮನೆಗೆ ಹೋಗಿ ಗಂಡನಿಗೆ ಹೇಳಿದೆ. "ನೋಡಿ, ಮದುವೆಯಾಗಿ ಇಪ್ಪತ್ತನಾಲ್ಕು ವರ್ಷ ಆಯ್ತು, ನೀವು ಒಂದು ಸಲ ನನ್ನ ಕೈ ಹಿಡಿದು ರಸ್ತೆ ದಾಟಿಸಿದೀರಾ?"

ಅವರು ಪೇಪರಿನಿಂದ ತಲೆ ಎತ್ತಲಿಲ್ಲ. "ನೀನು ಫೇಲಾದ್ರೆ ನನ್ನ ಕೋರ್ಸೇನೂ ಮುಚ್ಚಲ್ವಲ್ಲ" ಅಂದರು.

ಏಳು ಹೋಳಿಗೆ

ಕೊನೆಯ ಬರವಣಿಗೆಯ ಪರೀಕ್ಷೆಯಲ್ಲಿ ನನಗೆ ನಲವತ್ತೊಂದು ಬಂತು. ಪಾಸಿಗೆ ನಲವತ್ತು ಬೇಕಿತ್ತು. ಹುಡುಗರು ಆಫೀಸಿನ ಮುಂದೆ ಕುಣಿದರು. ಉಳಿದದ್ದು ಮಾತಿನ ಪರೀಕ್ಷೆ ಒಂದೇ, ಒಂದು ಶನಿವಾರ.

ಪರೀಕ್ಷಕರು ಹೊರಗಿನವರು. ವಯಸ್ಸಾದ ಜಪಾನಿ ಮಹನೀಯರು, ಒಂದು ಕಾರ್ಖಾನೆಯ ಕೆಲಸದ ಮೇಲೆ ಈ ಊರಿಗೆ ಬಂದು ಕೆಲವು ತಿಂಗಳಾಗಿತ್ತಷ್ಟೆ. ಕನ್ನಡ ಬರದು, ಇಂಗ್ಲಿಷ್ ಅಷ್ಟಕ್ಕಷ್ಟೆ. ಸೆನ್ಸೇ ಎರಡು ದಿನ ಮುಂಚೆಯೇ ತಾಕೀತು ಮಾಡಿದ್ದರು: ಪರೀಕ್ಷೆ ಮುಗಿಯುವ ತನಕ ಪರೀಕ್ಷಕರ ಜೊತೆ ಯಾರೂ ಒಂದು ಮಾತೂ ಆಡಕೂಡದು. ಆಡಿದರೆ ಸೊನ್ನೆ.

ಬೆಳಿಗ್ಗೆ ಹದಿನಾಲ್ಕೂ ಹುಡುಗರದು ಮುಗಿಯಿತು, ಎಲ್ಲರೂ ಪಾಸು. ನಾನು ಕೊನೆಯವಳು, ಊಟದ ನಂತರ. ಶನಿವಾರ ಕ್ಯಾಂಟೀನು ಇರುವುದಿಲ್ಲ. ಪ್ರಿನ್ಸಿಪಾಲರು ಹಿಂದಿನ ದಿನವೇ, "ಮೇಡಂ, ನಿಮ್ಮನೆ ಬಸವೇಶ್ವರನಗರ ತಾನೆ, ಹತ್ತಿರ. ಅವ್ರ ಊಟದ ವ್ಯವಸ್ಥೆ ನೋಡ್ಕೊಳ್ಳಿ" ಅಂದಿದ್ದರು. ನಾನು ಅತ್ತೆಗೆ ಹೇಳಿದೆ. ಅಲ್ಲೇ ನಾನು ಎಡವಿದ್ದು.

ನಮ್ಮತ್ತೆ ಹಾವೇರಿ ಕಡೆಯವರು. ಬಡಿಸುವುದು ಅವರಿಗೆ ಕೆಲಸವಲ್ಲ, ವ್ರತ. ಒಂದು ಗಂಟೆಗೆ ಸರಿಯಾಗಿ ನಾಲ್ಕು ಹಂತದ ಕ್ಯಾರಿಯರು, ಎರಡು ಡಬ್ಬಿ ಹೋಳಿಗೆ, ತುಪ್ಪದ ಗಿಂಡಿ, ಕಂಕುಳಲ್ಲಿ ಬಾಳೆಎಲೆಯ ಸುರುಳಿ ಹಿಡಿದು ಆಟೋದಿಂದ ಇಳಿದರು. ಪ್ರಿನ್ಸಿಪಾಲರ ರೂಮಿನಲ್ಲೇ ಎಲೆ ಹಾಕಿದರು. ಪ್ರಿನ್ಸಿಪಾಲರು ಶುಗರ್ ಇದೆ ಅಂತ ಒಂದು ರೊಟ್ಟಿ ತಿಂದು ಎದ್ದುಹೋದರು. ಸೆನ್ಸೇ ಮೂರನೆಯ ಮಹಡಿಯಲ್ಲಿ ಅಂಕಪಟ್ಟಿ ಹಿಡಿದು ಬಾಗಿಲು ಹಾಕಿಕೊಂಡಿದ್ದರು. ಉಳಿದವರು ಪರೀಕ್ಷಕರು, ನಮ್ಮತ್ತೆ, ಮತ್ತು ನೀರಿನ ಚೊಂಬು ಹಿಡಿದ ನಾನು.

ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಅನ್ನ ಎಲ್ಲ ಚೆನ್ನಾಗಿಯೇ ಆಯಿತು. ಆಮೇಲೆ ಹೋಳಿಗೆ ಬಂತು. ಅವರು ಕಣ್ಣರಳಿಸಿ ತಿಂದರು. ಒಂದು ಚೂರೂ ಬಿಡದೆ, ಎಲೆಯನ್ನು ಬಳಿದು ತಿಂದರು. ಬಡಿಸಿದ್ದನ್ನು ಪೂರ್ತಿ ಮುಗಿಸುವುದೇ ಅವರ ಊರಿನ ಮರ್ಯಾದೆ, ಮೂರನೆಯ ವಾರವೇ ಸೆನ್ಸೇ ಕಲಿಸಿದ್ದರು. ಆದರೆ ಅತಿಥಿಯ ಎಲೆ ಖಾಲಿ ಕಂಡರೆ ನಮ್ಮತ್ತೆಗೆ ಅವಮಾನ. ಎರಡನೆಯದು ಬಿತ್ತು. ಅವರು ಮರ್ಯಾದೆಯಿಂದ ಮುಗಿಸಿದರು. ಇವರು ಮರ್ಯಾದೆಯಿಂದ ಮೂರನೆಯದು ಹಾಕಿದರು.

ಇದು ಎಲ್ಲಿಗೆ ಹೋಗುತ್ತದೆ ಅಂತ ಆ ರೂಮಿನಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಪರೀಕ್ಷಕರಿಗೆ ಹೇಳೋಣ ಅಂದರೆ ಮಾತಾಡಿದರೆ ಸೊನ್ನೆ, ಹದಿನಾಲ್ಕು ಮಕ್ಕಳ ಕೋರ್ಸು ಹೋಯಿತು. ಅತ್ತೆಗೆ ಪಿಸುಗುಟ್ಟಿದೆ.

"ಸಾಕು ಅತ್ತೆ, ಬಿಡಿ."

"ನೀ ಸುಮ್ನಿರವಾ. ಪಾಪ, ಹೆಂಗ ತಿನ್ನಾಕತ್ತಾರ ನೋಡು. ಊರಾಗ ಯಾರೂ ಬಡಿಸಿಲ್ಲ ಕಾಣ್ತೈತಿ. ತಿನ್ರಿ, ಏನೂ ಆಗಂಗಿಲ್ಲ."

ಕಣ್ಣು ಅಗಲ ಮಾಡಿ ಸನ್ನೆ ಮಾಡಿದೆ. ತುಪ್ಪ ಹಾಕುವುದು ಮರೆತಿದ್ದಕ್ಕೆ ಸನ್ನೆ ಅಂದುಕೊಂಡು ಎರಡು ಚಮಚ ಸುರಿದರು. ಐದನೆಯದಕ್ಕೆ ಅವರು ಟೈ ಸಡಿಲಿಸಿದರು. ಆರನೆಯದಕ್ಕೆ ಕನ್ನಡಕ ತೆಗೆದಿಟ್ಟರು. ಏಳನೆಯದಕ್ಕೆ ಡಬ್ಬಿ ಬರಿದಾಯಿತು. ಇನ್ನೊಂದು ಡಬ್ಬಿ ಹುಡುಗರಿಗೆ ಅಂತ ಇಟ್ಟಿದ್ದರಿಂದ ಆ ಮನುಷ್ಯ ಬದುಕಿದರು.

ಅರ್ಧ ಗಂಟೆ ಬಿಟ್ಟು ನನ್ನ ಪರೀಕ್ಷೆ. ಮೂರು ತಿಂಗಳಿಂದ ಉರು ಹೊಡೆದದ್ದು ಬಾಯಲ್ಲಿ ಸಿದ್ಧವಾಗಿತ್ತು. ನನ್ನ ಹೆಸರು, ನನ್ನ ಮನೆ, ನನ್ನ ಹವ್ಯಾಸ ತೋಟಗಾರಿಕೆ, ಅದು ಸುಳ್ಳು. ಪಕ್ಕದಲ್ಲಿ ಸೆನ್ಸೇ ಕೆಂಪು ಪೆನ್ನು ಹಿಡಿದು ಕೂತಿದ್ದರು. ಕಿಟಕಿಯ ಆಚೆ ಹದಿನಾಲ್ಕು ತಲೆಗಳು, ಹಿಂದೆ ಆಯಮ್ಮ. ಪರೀಕ್ಷಕರು ಕುರ್ಚಿಯ ಮೇಲೆ ಅಲುಗಾಡದೆ ಕೂತಿದ್ದರು, ಅಲುಗಾಡುವ ಸ್ಥಿತಿಯಲ್ಲಿರಲಿಲ್ಲ. ಪ್ರಶ್ನೆಯ ಹಾಳೆಯನ್ನು ಪಕ್ಕಕ್ಕೆ ಸರಿಸಿ, ನಿಧಾನವಾಗಿ, ಜಪಾನಿಯಲ್ಲಿ ಕೇಳಿದರು.

"ಆ ಅಮ್ಮನವರನ್ನು ನಿಲ್ಲಿಸುವುದು ಹೇಗೆ?"

ಉರು ಹೊಡೆದದ್ದೆಲ್ಲ ಮಣ್ಣುಪಾಲಾಯಿತು. ಇದಕ್ಕೆ ಯಾವ ಪುಸ್ತಕದಲ್ಲೂ ಉತ್ತರವಿಲ್ಲ. ಅಷ್ಟರಲ್ಲಿ ನನ್ನ ಬಾಯಿಂದ ತಾನಾಗಿಯೇ ಜಪಾನಿ ಬಂತು. ಯಾರೂ ಹೇಳಿಕೊಡದ, ನನ್ನ ಸ್ವಂತ ಜಪಾನಿ.

"ಆಗುವುದಿಲ್ಲ. ಇಪ್ಪತ್ತನಾಲ್ಕು ವರ್ಷದಿಂದ ಪ್ರಯತ್ನ ಮಾಡುತ್ತಿದ್ದೇನೆ."

ಅವರು ನನ್ನನ್ನು ನೋಡಿದರು. ಹೊಟ್ಟೆ ಹಿಡಿದುಕೊಂಡು ನಕ್ಕರು, ನೋವಾಗಿ ನಿಲ್ಲಿಸಿದರು. ಆಮೇಲೆ ನಾನು ನಿಲ್ಲಲೇ ಇಲ್ಲ. ಎಲೆ ಖಾಲಿ ಮಾಡಬೇಡಿ, ಮೂಲೆಯಲ್ಲಿ ಸ್ವಲ್ಪ ಉಳಿಸಿ. ಎರಡೂ ಕೈಯನ್ನು ಎಲೆಯ ಮೇಲೆ ಅಡ್ಡ ಹಿಡಿಯಿರಿ. ಅದಕ್ಕೂ ಬಗ್ಗದಿದ್ದರೆ ಎಲೆಯನ್ನೇ ಮಡಚಿ, ಆಮೇಲೆ ಯಾರೂ ಬಡಿಸುವುದಿಲ್ಲ. ಮಡಚುವುದಕ್ಕೆ ಅವರ ಭಾಷೆಯಲ್ಲಿ ಏನನ್ನುತ್ತಾರೋ ನೆನಪಾಗಲಿಲ್ಲ, ಪ್ರಶ್ನೆಯ ಹಾಳೆಯನ್ನೇ ಎತ್ತಿಕೊಂಡು ಮಡಚಿ ತೋರಿಸಿದೆ. ಅವರು ಅದನ್ನೆಲ್ಲ ಡೈರಿಯಲ್ಲಿ ಬರೆದುಕೊಂಡರು. ಹುಡುಗರಿಗೆ ಐದೈದು ನಿಮಿಷ, ನನ್ನದು ಇಪ್ಪತ್ತು ನಿಮಿಷವಾಯಿತು. ಸೆನ್ಸೇ ಕೆಂಪು ಪೆನ್ನಿನ ಮುಚ್ಚಳ ಹಾಕಿ ಕಣ್ಣು ಒರೆಸಿಕೊಂಡರು.

ಪಾಸಾದೆ. ಹದಿನೈದಕ್ಕೆ ಹದಿನೈದು. ಸುಂಕದಕಟ್ಟೆಯ ಹುಡುಗ ಓಡಿಬಂದು ಮೂವತ್ತೂ ಅಲ್ಲ ನಲವತ್ತೈದೂ ಅಲ್ಲ, ಸೀದಾ ಕಾಲಿಗೇ ಬಿದ್ದ. ನಾನು ಅವನನ್ನು ಎತ್ತಿಕೊಂಡು ಅತ್ತುಬಿಟ್ಟೆ.

ಈ ಗಲಾಟೆಯಲ್ಲಿ ನಮ್ಮತ್ತೆ ಹುಡುಗರ ಡಬ್ಬಿ ಹಿಡಿದು ಒಳಗೆ ಬಂದರು. ಶುಭ ಸಮಾಚಾರ, ಮೊದಲ ಹೋಳಿಗೆ ದೊಡ್ಡವರಿಗೆ ಅಂತ ನೇರ ಪರೀಕ್ಷಕರ ಕಡೆ ನಡೆದರು. ಆ ಮಹನೀಯರ ಮುಖ ಬಿಳಿಚಿತು. ಆದರೆ ಪಾಠ ಮರೆತಿರಲಿಲ್ಲ. ಕೈಯಲ್ಲಿದ್ದ ಫಲಿತಾಂಶದ ಹಾಳೆಯನ್ನು ಮೇಜಿನ ಮೇಲೆ ಹರಡಿದರು. ಆಚೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ತಮ್ಮ ಕಡೆಗೆ ಮಡಚಿದರು. ಮೇಲೆ ಒಂದು ಸಲ ತಟ್ಟಿ, ಎದ್ದು ನಿಂತು, ಮೂವತ್ತು ಡಿಗ್ರಿಗೆ ಬಗ್ಗಿದರು. ಅತ್ತೆ ನಿಂತು ನೋಡಿದರು. ಮುಖ ಅರಳಿತು. ಅವರ ತಲೆಯ ಮೇಲೆ ಕೈಯಿಟ್ಟು, "ಆತ್ರಿ, ತಿಳೀತು" ಅಂದು ಹುಡುಗರ ಕಡೆ ತಿರುಗಿದರು. ಪರೀಕ್ಷಕರು ನನ್ನನ್ನು ನೋಡಿ ಗೆದ್ದವರ ಹಾಗೆ ತಲೆಯಾಡಿಸಿದರು.

ಆಟೋದಲ್ಲಿ ಮನೆಗೆ ಹೋಗುವಾಗ ಅತ್ತೆ ತಮ್ಮಷ್ಟಕ್ಕೆ ನಗುತ್ತಿದ್ದರು. "ಭಾಳ ನಾಚಿಕಿ ಮನುಷ್ಯಾ ನೋಡವಾ. ಬಾಯಿ ಬಿಟ್ಟು ಹೇಳಲಿಲ್ಲ. ಹಾಳಿ ಮಡಚಿ ಹೇಳಿದಾ."

"ಹೌದು ಅತ್ತೆ, ಸಾಕು ಅಂತ."

"ಸಾಕು ಅಂತಲ್ಲ. ತನ್ನ ಕಡೀಗೆ ಮಡಚಿದಾ, ನೋಡಲಿಲ್ಲೇನು? ಊಟ ಮನಸ್ಸಿಗೆ ಬಂತು, ಮತ್ತ ಬರ್ತೀನಿ ಅಂತ. ಮುಂದಿನ ಐತವಾರ ಮನಿಗೆ ಕರಿ."

ಮಡಚಲು ಕಲಿಸಿದವಳು ನಾನು, ಯಾವ ಕಡೆಗೆ ಅಂತ ಹೇಳಿರಲಿಲ್ಲ. ಅತ್ತೆಯನ್ನು ನಿಲ್ಲಿಸಲು ಆಗುವುದಿಲ್ಲ ಅಂತ ಪರೀಕ್ಷೆಯಲ್ಲೇ ಹೇಳಿ ಅಂಕ ತೆಗೆದುಕೊಂಡವಳು, ಈಗ ಏನೆನ್ನಲಿ? ಕೂತು ಜಪಾನಿಯಲ್ಲಿ ಭಾನುವಾರದ ಊಟಕ್ಕೆ ಆಮಂತ್ರಣ ಬರೆದೆ. ವಿಷಯ, ಉಲ್ಲೇಖ ಯಾವುದೂ ಹಾಕಲಿಲ್ಲ. ಕಾಗದ ಮಡಚಿದ್ದರ ಅರ್ಥವನ್ನೂ, ತಪ್ಪು ನನ್ನದೇ ಅನ್ನುವುದನ್ನೂ ಬರೆದೆ. ಸೆನ್ಸೇಗೆ ತೋರಿಸಿದರೆ ಮೊದಲ ಸಲ ಒಂದೂ ಕೆಂಪು ಗೆರೆಯಿಲ್ಲದೆ ವಾಪಸು ಬಂತು.

ಎರಡು ದಿನಕ್ಕೆ ಉತ್ತರ ಬಂತು. ನನ್ನಂಥವಳಿಗೂ ಓದಲು ಬರಲಿ ಅಂತ ದೊಡ್ಡ ಅಕ್ಷರದಲ್ಲಿ ಎರಡೇ ಸಾಲು ಬರೆದಿದ್ದರು.

"ಖಂಡಿತ ಬರುತ್ತೇನೆ. ಶನಿವಾರದಿಂದಲೇ ಊಟ ಬಿಡುತ್ತೇನೆ."